ಬಿಸಿಲಿನಿಂದ ಹಾಲು ತಣಿಸುವುದು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಎರಡು ಹೊತ್ತು ಸೇರಿ ದಿನಕ್ಕೆ ಸುಮಾರು 500 ಲೀಟರ್ ಹಾಲು ಬರುತ್ತದೆ. ಈಗ ಅದನ್ನು ಕ್ಯಾನುಗಳಲ್ಲಿ ತುಂಬಿ ದೂರದ ಶೀತಲೀಕರಣ ಕೇಂದ್ರಕ್ಕೆ ಕಳಿಸುತ್ತಿದ್ದೇವೆ. ಸಂಘದಲ್ಲೇ ಬಲ್ಕ್ ಕೂಲರ್ (ಬಂದ ಹಾಲನ್ನೆಲ್ಲ ಒಟ್ಟಿಗೆ ತಣಿಸಿಡುವ ಟ್ಯಾಂಕು) ಕೂರಿಸಿ ಸೌರ ವಿದ್ಯುತ್ತಿನಿಂದ ನಡೆಸೋಣ, ಇದರಿಂದ ಹೈನುಗಾರಿಕೆಯ ಇಂಗಾಲದ ಹೊರೆ ಇಳಿಯುತ್ತದೆ ಎಂಬ ಮಾತು ಆಡಳಿತ ಮಂಡಳಿಯ ಸಭೆಯಲ್ಲಿ ಬಂದಿದೆ. ನಿಜಕ್ಕೂ ಇಳಿಯುತ್ತದೆಯೇ? ಇಳಿದರೆ ಎಷ್ಟು?
– ಸಂಘದ ಕಾರ್ಯದರ್ಶಿ, ಶಿರಸಿ ತಾಲ್ಲೂಕು

ಉತ್ತರ: ಇಳಿಯುತ್ತದೆ. ಆದರೆ ಹೆಚ್ಚಿನ ಉಳಿತಾಯ ಬರುವುದು ಕರೆಂಟ್ ಬಿಲ್ಲಿನ ಕಡೆಯಿಂದಲ್ಲ, ಕೆಡದೆ ಉಳಿಯುವ ಹಾಲಿನಿಂದ. ಮಂಡಳಿಯ ಸದಸ್ಯರ ಮುಂದೆ ಇಡಲು ಅನುಕೂಲವಾಗಲೆಂದು ಲೆಕ್ಕವನ್ನು ಬಿಡಿಸಿ ಹೇಳುತ್ತೇವೆ.

ಕರೆದ ಹಾಲು ಸಂಘಕ್ಕೆ ಬರುವ ಹೊತ್ತಿಗೆ ಹೆಚ್ಚುಕಡಿಮೆ 35 ಡಿಗ್ರಿ ಸೆಲ್ಸಿಯಸ್ ಬಿಸಿ ಇರುತ್ತದೆ, ಅದನ್ನು 4 ಡಿಗ್ರಿಗೆ ಇಳಿಸಬೇಕು. 500 ಲೀಟರ್ ಹಾಲಿನಿಂದ ಹೀಗೆ ಹೊರತೆಗೆಯಬೇಕಾದ ಶಾಖ ವಿದ್ಯುತ್ತಿನ ಲೆಕ್ಕದಲ್ಲಿ ಸುಮಾರು 17 ಯೂನಿಟ್ಟಿನಷ್ಟು (ಒಂದು ಯೂನಿಟ್ ಎಂದರೆ ಒಂದು ಕಿಲೋವ್ಯಾಟ್-ಗಂಟೆ). ಕಂಪ್ರೆಸರ್ ತಾನು ಬಳಸುವ ವಿದ್ಯುತ್ತಿನ ಎರಡು ಮೂರು ಪಟ್ಟು ಶಾಖವನ್ನು ಸಾಗಿಸಬಲ್ಲದಾದ್ದರಿಂದ, ಹಾಲು ಕಲಕುವ ಮೋಟಾರನ್ನೂ ಹೊರಗಿನಿಂದ ಟ್ಯಾಂಕಿನೊಳಗೆ ನುಸುಳುವ ಶಾಖವನ್ನೂ ಸೇರಿಸಿಕೊಂಡರೆ ದಿನಕ್ಕೆ ಹತ್ತು ಯೂನಿಟ್ ವಿದ್ಯುತ್ ಸಾಕು. ದೇಶದ ವಿದ್ಯುತ್ ಜಾಲದಲ್ಲಿ ಒಂದು ಯೂನಿಟ್ಟಿಗೆ ಸರಾಸರಿ 0.7 ಕಿಲೋದಷ್ಟು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಅಂದರೆ ಸೌರಶಕ್ತಿಗೆ ಬದಲಾಯಿಸಿದ್ದರಿಂದ ಉಳಿಯುವುದು ದಿನಕ್ಕೆ ಏಳು ಕಿಲೋ, ವರ್ಷಕ್ಕೆ ಎರಡೂವರೆ ಟನ್.

ಇದನ್ನು ಹಾಲಿನ ಒಟ್ಟು ಹೊರೆಯ ಪಕ್ಕದಲ್ಲಿಟ್ಟು ನೋಡಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಲೆಕ್ಕದಂತೆ 2015ರಲ್ಲಿ ಒಂದು ಕಿಲೋ ಹಾಲಿನ ಹಿಂದೆ ಜಾಗತಿಕ ಸರಾಸರಿಯಲ್ಲಿ ಸುಮಾರು 2.5 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮನಾದ ಅನಿಲಗಳು ಹೊರಬಿದ್ದಿವೆ. ಆ ಸರಾಸರಿಯನ್ನೇ ಹಿಡಿದರೂ ನಿಮ್ಮ 500 ಲೀಟರಿಗೆ ದಿನಕ್ಕೆ 1,250 ಕಿಲೋ ಆಯಿತು. ಅದರ ಮುಂದೆ ಏಳು ಕಿಲೋ ಎಂದರೆ ನೂರರಲ್ಲಿ ಒಂದು ಪಾಲೂ ಅಲ್ಲ. ಉಳಿದದ್ದರಲ್ಲಿ ದೊಡ್ಡ ಪಾಲು ಹಸು ಮೆಲುಕು ಹಾಕುವಾಗ ಹೊರಬಿಡುವ ಮೀಥೇನಿನದು, ಮತ್ತೆ ಮೇವು ಬೆಳೆಯುವುದರದು ಮತ್ತು ಸಗಣಿಯದು. ಅದಕ್ಕೂ ಚಾವಣಿಯ ಮೇಲಿನ ಪ್ಯಾನೆಲ್ಲಿಗೂ ಸಂಬಂಧವಿಲ್ಲ. ಸೌರ ಕೂಲರ್ ಬಂದರೆ ಹಾಲೇ ಇಂಗಾಲಮುಕ್ತವಾಯಿತು ಎಂದು ಯಾರಾದರೂ ಮಾರಾಟಗಾರರು ಹೇಳಿದರೆ ದಯವಿಟ್ಟು ನಂಬಬೇಡಿ.

ಹಾಗಿದ್ದರೂ ಈ ಕೆಲಸ ಮಾಡಬೇಕೆಂದು ನಾವು ಒತ್ತಿ ಹೇಳುವುದಕ್ಕೆ ಕಾರಣವಿದೆ. ಹುಳಿ ಬಂದು ಚೆಲ್ಲಿದ ಪ್ರತಿ ಲೀಟರ್ ಹಾಲಿನ ಜೊತೆಗೆ ಅದರ ಹಿಂದಿನ ಎರಡೂವರೆ ಕಿಲೋ ಅನಿಲವೂ ವ್ಯರ್ಥವಾಗಿ ಗಾಳಿ ಸೇರಿದಂತೆ. ನಿಮ್ಮ ಸಂಘದಲ್ಲಿ ನೂರಕ್ಕೆ ಒಂದು ಲೀಟರಿನಂತೆ ದಿನಕ್ಕೆ ಐದು ಲೀಟರ್ ಕೆಡುವುದು ತಪ್ಪಿದರೆ ಹನ್ನೆರಡು ಕಿಲೋ ಉಳಿಯಿತು, ಇದು ಸೌರ ವಿದ್ಯುತ್ತಿನ ಉಳಿತಾಯಕ್ಕಿಂತ ಹೆಚ್ಚು. ಬೆಚ್ಚಗಿನ ಹಾಲಿನಲ್ಲಿ ಬ್ಯಾಕ್ಟೀರಿಯಾಗಳು ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗುತ್ತವೆ; ನಾಲ್ಕು ಡಿಗ್ರಿಯಲ್ಲಿ ಅವುಗಳ ಬೆಳವಣಿಗೆ ಬಹುಮಟ್ಟಿಗೆ ನಿಲ್ಲುತ್ತದೆ. ಕಣ್ಣಾರೆ ನೋಡಬೇಕೆಂದಿದ್ದರೆ ಮೀಥಿಲೀನ್ ಬ್ಲೂ ಪರೀಕ್ಷೆ ಮಾಡಿಸಿ. ಹತ್ತು ಮಿಲಿ ಲೀಟರ್ ಹಾಲಿಗೆ ಒಂದು ಮಿಲಿ ಲೀಟರ್ ನೀಲಿ ದ್ರಾವಣ ಬೆರೆಸಿದ ಕೊಳವೆಯನ್ನು ಬೆಚ್ಚಗಿನ ನೀರಿನಲ್ಲಿ ಇಟ್ಟರೆ, ಬ್ಯಾಕ್ಟೀರಿಯಾ ಹೆಚ್ಚಿದಷ್ಟೂ ಬಣ್ಣ ಬೇಗ ಬಿಳಿಚುತ್ತದೆ. ಅರ್ಧ ಗಂಟೆಯಲ್ಲೇ ಬಿಳಿಯಾದ ಹಾಲು ಕಳಪೆ, ಐದು ಗಂಟೆ ಕಳೆದರೂ ನೀಲಿ ಉಳಿಸಿಕೊಂಡದ್ದು ಬಹಳ ಒಳ್ಳೆಯ ಹಾಲು. ಈಗ ಕಳಿಸುತ್ತಿರುವ ಕ್ಯಾನಿನ ಹಾಲನ್ನು ಕೇಂದ್ರ ತಲುಪಿದ ಹೊತ್ತಿನಲ್ಲಿ ಹೀಗೆ ಪರೀಕ್ಷಿಸಿ ಫಲಿತಾಂಶವನ್ನು ಸಭೆಗೆ ಒಯ್ಯಿರಿ.

ಡೀಸೆಲ್ ಲೆಕ್ಕವನ್ನೂ ಮರೆಯಬೇಡಿ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಸಂಜೆಯ ಹಾಲು ಸಂಘದಲ್ಲೇ ತಣ್ಣಗೆ ರಾತ್ರಿ ಕಳೆದು ಬೆಳಗಿನ ಹಾಲಿನ ಜೊತೆ ಒಂದೇ ಟ್ಯಾಂಕರಿನಲ್ಲಿ ಹೋದರೆ, ಕಣಿವೆಗೊಂದು ಮನೆ ಇರುವ ನಮ್ಮ ಸೀಮೆಯ ತಿರುವು ರಸ್ತೆಗಳಲ್ಲಿ ದಿನಕ್ಕೊಂದು ಓಡಾಟ ಕಡಿಮೆಯಾಗುತ್ತದೆ. ಕೇವಲ ಮೂರು ಲೀಟರ್ ಡೀಸೆಲ್ ಉಳಿದರೂ ಅದು ಪ್ಯಾನೆಲ್ಲಿನ ಉಳಿತಾಯಕ್ಕೆ ಸಮ.

ಪ್ರಶ್ನೆ: ಸಿದ್ದಾಪುರದಲ್ಲಿ ಜೂನ್ ತಿಂಗಳಿನಿಂದ ಸೆಪ್ಟೆಂಬರ್ ತನಕ ಸೂರ್ಯನ ಮುಖ ಕಾಣುವುದೇ ಅಪರೂಪ. ಮರ ಬಿದ್ದು ಲೈನ್ ಹೋಗುವುದೂ ಆಗಲೇ. ಅಂಥ ಕಾಲದಲ್ಲಿ ಸೌರ ಕೂಲರ್ ಏನು ಮಾಡೀತು? ಬ್ಯಾಟರಿ ಎಷ್ಟು ಬೇಕು?
– ಹಾಲು ಉತ್ಪಾದಕರೊಬ್ಬರು, ಸಿದ್ದಾಪುರ

ಉತ್ತರ: ಬ್ಯಾಟರಿಗಿಂತ ಮಂಜುಗಡ್ಡೆಯನ್ನು ನೆಚ್ಚಿಕೊಳ್ಳುವುದು ಮೇಲು. ನಮ್ಮಲ್ಲಿ ಹಾಲು ಬರುವುದು ಬೆಳಿಗ್ಗೆ ಆರರಿಂದ ಎಂಟು, ಸಂಜೆ ಐದರಿಂದ ಏಳು ಗಂಟೆಯ ನಡುವೆ. ಪ್ಯಾನೆಲ್ ದುಡಿಯುವುದು ಒಂಬತ್ತರಿಂದ ನಾಲ್ಕರ ತನಕ. ಆದ್ದರಿಂದ ಬಿಸಿಲಿನ ಹೊತ್ತಿನ ಶಕ್ತಿಯನ್ನು ಯಾವುದಾದರೂ ರೂಪದಲ್ಲಿ ಕೂಡಿಡಲೇಬೇಕು. ಸೀಸದ ಬ್ಯಾಟರಿಯನ್ನು ನಾಲ್ಕೈದು ವರ್ಷಕ್ಕೊಮ್ಮೆ ಬದಲಿಸಬೇಕಾಗುತ್ತದೆ. ನೀರು ಮಾತ್ರ ಎಷ್ಟು ಸಲ ಹೆಪ್ಪುಗಟ್ಟಿ ಕರಗಿದರೂ ಸವೆಯುವುದಿಲ್ಲ.

ಇದಕ್ಕಾಗಿಯೇ ಇರುವ ವ್ಯವಸ್ಥೆಗೆ ಐಸ್ ಬ್ಯಾಂಕ್ ಎನ್ನುತ್ತಾರೆ. ದಪ್ಪ ಹೊದಿಕೆಯ ತೊಟ್ಟಿಯೊಂದರಲ್ಲಿ ನೀರು ತುಂಬಿರುತ್ತದೆ, ಅದರೊಳಗೆ ಲೋಹದ ಕೊಳವೆಗಳ ಸುರುಳಿ ಮುಳುಗಿರುತ್ತದೆ. ಹಗಲಿನಲ್ಲಿ ಕಂಪ್ರೆಸರ್ ನಡೆದಂತೆ ಆ ಕೊಳವೆಗಳ ಸುತ್ತ ಮಂಜುಗಡ್ಡೆ ಪದರ ಪದರವಾಗಿ ಬೆಳೆಯುತ್ತದೆ, ಸಂಜೆ ಹಾಲು ಬಂದಾಗ ಪಂಪು ಸೊನ್ನೆಯಿಂದ ಒಂದು ಡಿಗ್ರಿಯ ಆ ನೀರನ್ನು ಹಾಲಿನ ಟ್ಯಾಂಕಿನ ಹೊರಕವಚದಲ್ಲಿ ಹರಿಸುತ್ತದೆ. ಕಂಪ್ರೆಸರ್ ಆಗ ನಿಂತಿದ್ದರೂ ಅಡ್ಡಿಯಿಲ್ಲ, ಸಣ್ಣ ಪಂಪೊಂದು ತಿರುಗಿದರೆ ಸಾಕು. ಒಂದು ಕಿಲೋ ಮಂಜುಗಡ್ಡೆ ಕರಗುವಾಗ 334 ಕಿಲೋಜೌಲ್ ಶಾಖವನ್ನು ಹೀರುವುದರಿಂದ 500 ಲೀಟರ್ ಹಾಲಿಗೆ ಸುಮಾರು 190 ಕಿಲೋ ಮಂಜುಗಡ್ಡೆ ಬೇಕಾಗುತ್ತದೆ. ಹಾಲನ್ನು ನೇರವಾಗಿ ತಣಿಸುವುದಕ್ಕಿಂತ ಇದಕ್ಕೆ ವಿದ್ಯುತ್ ಸ್ವಲ್ಪ ಹೆಚ್ಚು ಬೇಕು. ದಿನಕ್ಕೆ 12 ಯೂನಿಟ್ ಎಂದಿಟ್ಟುಕೊಳ್ಳಿ.

ಒಂದು ಕಿಲೋವ್ಯಾಟ್ ಪ್ಯಾನೆಲ್ ಕರ್ನಾಟಕದಲ್ಲಿ ವರ್ಷದ ಸರಾಸರಿಯಲ್ಲಿ ದಿನಕ್ಕೆ ನಾಲ್ಕು ಯೂನಿಟ್ ಕೊಡುತ್ತದೆ. ಘಟ್ಟದ ಮೇಲೆ ಜುಲೈ ತಿಂಗಳಿನಲ್ಲಿ ಅದರ ಅರ್ಧ ಸಿಕ್ಕರೆ ಅದೇ ಹೆಚ್ಚು. ಐದು ಕಿಲೋವ್ಯಾಟ್ ಹಾಕಿದರೆ ಬೇಸಿಗೆಯಲ್ಲಿ ಮಿಗುತ್ತದೆ, ಮಳೆಗಾಲದಲ್ಲಿ ಒಂದೆರಡು ಯೂನಿಟ್ ಸಾಲದೆ ಬರುತ್ತದೆ, ಸತತ ಜಡಿಮಳೆಯ ವಾರಗಳಲ್ಲಿ ಇನ್ನೂ ಹೆಚ್ಚು ಸಾಲದೆ ಬರುತ್ತದೆ. ಆ ಕೊರತೆಯನ್ನು ಹೆಸ್ಕಾಂ ಲೈನಿನಿಂದ ತುಂಬಿಕೊಳ್ಳುವುದೇ ಸರಿ. ಮಳೆಗಾಲದ ಮೂರು ತಿಂಗಳಿಗೋಸ್ಕರ ಪ್ಯಾನೆಲ್ಲುಗಳನ್ನು ಎರಡು ಪಟ್ಟು ಹಾಕಿಸುವುದು ದುಡ್ಡು ದಂಡ. ತುಂಬಿದ ಐಸ್ ಬ್ಯಾಂಕ್ ಇದ್ದರೆ ಲೈನ್ ಇದ್ದ ಹೊತ್ತಿನಲ್ಲಿ ಮಂಜುಗಡ್ಡೆ ಕಟ್ಟಿಕೊಂಡು, ಹೋದ ಹೊತ್ತಿನಲ್ಲಿ ಹಾಲು ತಣಿಸಬಹುದು. ಜನರೇಟರಿಗೆ ಕೈ ಹಾಕುವ ಸಂದರ್ಭಗಳು ಬಹಳ ಕಡಿಮೆಯಾಗುತ್ತವೆ.

ಇನ್ನೊಂದು ವಿಷಯವನ್ನು ಗುತ್ತಿಗೆ ಬರೆಯುವ ಮೊದಲೇ ತಿಳಿದಿರಬೇಕು. ಬ್ಯಾಟರಿಯಿಲ್ಲದೆ ನೇರವಾಗಿ ಲೈನಿಗೆ ಜೋಡಿಸಿದ ಮಾಮೂಲಿ ಸೌರ ಘಟಕ, ಲೈನ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಕಂಬದ ಮೇಲೆ ದುರಸ್ತಿಗೆ ಹತ್ತಿದ ಲೈನ್‌ಮ್ಯಾನಿನ ಜೀವಕ್ಕೆ ಅಪಾಯವಾಗಬಾರದೆಂದು ಇನ್ವರ್ಟರನ್ನು ಹಾಗೆಯೇ ಮಾಡಿರುತ್ತಾರೆ. ಹೊರಗೆ ಬಿಸಿಲಿದ್ದೂ ಕಂಪ್ರೆಸರ್ ನಿಂತಿರುವ ಸ್ಥಿತಿ ಬರಬಾರದೆಂದಿದ್ದರೆ ಲೈನ್ ಇಲ್ಲದಾಗಲೂ ನಡೆಯಬಲ್ಲ ಹೈಬ್ರಿಡ್ ಇನ್ವರ್ಟರ್ ಬೇಕೆಂದು ಸ್ಪಷ್ಟವಾಗಿ ಬರೆಸಿ. ಕಂಪ್ರೆಸರ್ ಹೊರಡುವಾಗ ಎಳೆಯುವ ವಿದ್ಯುತ್ ಅದರ ಮಾಮೂಲಿ ಓಟದ ಐದಾರು ಪಟ್ಟು ಇರುತ್ತದೆಯಾದ್ದರಿಂದ, ಮೆಲ್ಲನೆ ವೇಗ ಏರಿಸುವ ಡ್ರೈವ್ ಅಳವಡಿಸದಿದ್ದರೆ ಆ ಇನ್ವರ್ಟರ್ ಕೂಡ ಕೈಕೊಡುತ್ತದೆ.

ಪ್ರಶ್ನೆ: ನಮ್ಮ ಜಿಲ್ಲೆಯಲ್ಲೇ ಕಾಳಿ ನದಿಯ ಜಲವಿದ್ಯುತ್ತೂ ಕೈಗಾದ ಅಣುವಿದ್ಯುತ್ತೂ ತಯಾರಾಗುತ್ತವೆ. ಎರಡರಲ್ಲೂ ಕಲ್ಲಿದ್ದಲು ಉರಿಯುವುದಿಲ್ಲ. ಹಾಗಿರುವಾಗ ಇಲ್ಲಿನ ಡೇರಿಗಳಿಗೆ ಸೌರಶಕ್ತಿಯ ಅಗತ್ಯವೇನು?
– ಓದುಗರೊಬ್ಬರು, ಕಾರವಾರ

ಉತ್ತರ: ನ್ಯಾಯವಾದ ಪ್ರಶ್ನೆ. ಇಷ್ಟು ವಿದ್ಯುತ್ ಕೊಟ್ಟ ಜಿಲ್ಲೆ ಇದಕ್ಕಾಗಿ ಕಾಡನ್ನೂ ಊರುಗಳನ್ನೂ ಕಳೆದುಕೊಂಡಿದೆ ಎಂಬುದನ್ನು ನೆನೆದೇ ಉತ್ತರಿಸುತ್ತೇವೆ. ಕದ್ರಾದ 150 ಮೆಗಾವ್ಯಾಟ್, ಕೊಡಸಳ್ಳಿಯ 120 ಮೆಗಾವ್ಯಾಟ್, ಕೈಗಾದ ನಾಲ್ಕು ಘಟಕಗಳ 880 ಮೆಗಾವ್ಯಾಟ್ ಎಲ್ಲವೂ ಸೇರುವುದು ಇಡೀ ದೇಶಕ್ಕೆ ಒಂದೇ ಆದ ಜಾಲಕ್ಕೆ. ಕಾರವಾರದ ಮೀಟರಿಗೆ ಬರುವ ಕರೆಂಟ್ ಕದ್ರಾದ್ದೋ ರಾಯಚೂರಿನ ಕಲ್ಲಿದ್ದಲಿನದ್ದೋ ಎಂದು ಬೇರ್ಪಡಿಸಲಾಗದು. ನೀವು ಇಲ್ಲಿ ಒಂದು ಯೂನಿಟ್ ಕಡಿಮೆ ಬಳಸಿದರೆ ಆ ಒಂದು ಯೂನಿಟ್ ಇನ್ನೆಲ್ಲೋ ಬಳಕೆಯಾಗುತ್ತದೆ, ಅಷ್ಟರ ಮಟ್ಟಿಗೆ ಬಹುತೇಕ ಕಲ್ಲಿದ್ದಲು ಘಟಕವೇ ತನ್ನ ಉತ್ಪಾದನೆ ಇಳಿಸುತ್ತದೆ. ಮೇಲೆ ಹೇಳಿದ 0.7 ಕಿಲೋ ಲೆಕ್ಕ ಕಾರವಾರಕ್ಕೂ ಅಷ್ಟೇ ಸಲ್ಲುತ್ತದೆ.

ಪ್ರಶ್ನೆ: ಹಳೆಯ ಬಲ್ಕ್ ಕೂಲರ್ ಒಂದು ಅಗ್ಗದ ಬೆಲೆಗೆ ಸಿಗುತ್ತಿದೆ. ಅದಕ್ಕೇ ಪ್ಯಾನೆಲ್ ಜೋಡಿಸಬಹುದೇ?
– ಸಂಘದ ನಿರ್ದೇಶಕರೊಬ್ಬರು, ಯಲ್ಲಾಪುರ

ಉತ್ತರ: ಕೊಳ್ಳುವ ಮೊದಲು ಯಂತ್ರದ ಮೇಲಿನ ಲೋಹದ ಫಲಕದಲ್ಲಿ, ಒಳಗೆ ಸುತ್ತುತ್ತಾ ತಣಿಸುವ ಅನಿಲ ಯಾವುದು, ಎಷ್ಟು ಕಿಲೋ ಎಂದು ಬರೆದಿರುವುದನ್ನು ಓದಿ. ಸೌರ ಶೀತಲೀಕರಣದ ಚರ್ಚೆಯಲ್ಲಿ ಬಹುಮಂದಿ ಕೈಬಿಡುವ ಸಂಗತಿ ಇದೇ. ಆರ್-404ಎ ಎಂಬ ಅನಿಲ ಒಂದು ಕಿಲೋ ಸೋರಿದರೆ ಸುಮಾರು 3,900 ಕಿಲೋ ಇಂಗಾಲದ ಡೈಆಕ್ಸೈಡ್ ಬಿಟ್ಟಂತೆ. ಆರ್-22 ಆದರೆ ಸುಮಾರು 1,800 ಕಿಲೋ, ಮೇಲಾಗಿ ಅದು ಓಝೋನ್ ಪದರಕ್ಕೂ ಹಾನಿ ಮಾಡುತ್ತದೆ. ಹಳೆಯ ಯಂತ್ರದ ಜೋಡಣೆಗಳು ಸಡಿಲಾಗಿ ಎರಡು ಕಿಲೋ ಆರ್-404ಎ ಹೊರಟುಹೋದರೆ ಐದು ಕಿಲೋವ್ಯಾಟ್ ಪ್ಯಾನೆಲ್ ನಿಮ್ಮ ಕೂಲರಿಗೆ ದುಡಿದ ಮೂರು ವರ್ಷದ ಉಳಿತಾಯ ಒಂದೇ ಏಟಿಗೆ ಹೋಯಿತು. ಪ್ರತಿ ಬೇಸಿಗೆಯಲ್ಲಿ ಗ್ಯಾಸ್ ತುಂಬಿಸುವ ಕೂಲರ್ ಎಂದರೆ ಪ್ರತಿ ವರ್ಷ ಸೋರುವ ಕೂಲರ್ ಎಂದೇ ತಿಳಿಯಿರಿ.

2016ರ ಕಿಗಾಲಿ ಒಪ್ಪಂದವನ್ನು ಭಾರತ 2021ರಲ್ಲಿ ಅನುಮೋದಿಸಿದ್ದು, ಆರ್-404ಎಯಂಥ ಅನಿಲಗಳ ಬಳಕೆಯನ್ನು 2032ರಿಂದ ಹಂತ ಹಂತವಾಗಿ ಇಳಿಸಬೇಕಿದೆ. ಆದ್ದರಿಂದ ಹಳೆಯದಕ್ಕೆ ಮುಂದೆ ಗ್ಯಾಸ್ ಸಿಗುವುದೂ ದುಬಾರಿಯಾದೀತು. ಪ್ರೊಪೇನ್ ಅನಿಲವೇ ಆದ ಆರ್-290 ಒಂದು ಕಿಲೋ ಸೋರಿದರೆ ಹೊರೆ ಮೂರು ಕಿಲೋದಷ್ಟು ಮಾತ್ರ. ಅದು ಉರಿಯುವ ಅನಿಲವಾದ್ದರಿಂದ ಗಾಳಿಯಾಡುವ ಕೋಣೆ ಮತ್ತು ತರಬೇತಿ ಪಡೆದ ಮೆಕ್ಯಾನಿಕ್ ಎರಡೂ ಬೇಕು. ಹೊಸ ಶೀತಲೀಕರಣ ಯಂತ್ರಕ್ಕೆ ಕೇಂದ್ರದ ರಾಷ್ಟ್ರೀಯ ಡೇರಿ ಅಭಿವೃದ್ಧಿ ಕಾರ್ಯಕ್ರಮದಲ್ಲಿ ನೆರವು ಇದೆ. ಹಳೆಯ ಯಂತ್ರಕ್ಕೆ ಮುಂಗಡ ಕೊಡುವ ಮೊದಲು ನಿಮ್ಮ ಹಾಲು ಒಕ್ಕೂಟದಲ್ಲಿ ವಿಚಾರಿಸಿ.

ಪ್ರಶ್ನೆ: ನಮ್ಮಲ್ಲಿ ಸಂಜೆ ಹಾಲು ಹಾಕಲು ಸಂಘ ತೆರೆದಿರುವುದಿಲ್ಲ. ಹದಿನೈದು ಲೀಟರ್ ಹಾಲನ್ನು ಮನೆಯ ಫ್ರಿಜ್ಜಿನಲ್ಲಿಟ್ಟರೂ ಒಮ್ಮೊಮ್ಮೆ ಬೆಳಿಗ್ಗೆ ಕಾಯಿಸುವಾಗ ಒಡೆಯುತ್ತದೆ. ಮನೆಮಟ್ಟಕ್ಕೆ ಸೌರ ವ್ಯವಸ್ಥೆ ಇದೆಯೇ?
– ಗೃಹಿಣಿಯೊಬ್ಬರು, ಅಂಕೋಲಾ ತಾಲ್ಲೂಕು

ಉತ್ತರ: ಮನೆಯ ಫ್ರಿಜ್ಜನ್ನು ಮಾಡಿರುವುದು ತಣ್ಣಗಿರುವುದನ್ನು ತಣ್ಣಗೆ ಇಡಲು. ಹದಿನೈದು ಲೀಟರ್ ಬಿಸಿ ಹಾಲನ್ನು ನಾಲ್ಕು ಡಿಗ್ರಿಗೆ ತರಲು ಅದಕ್ಕೆ ಬಹಳ ಹೊತ್ತು ಬೇಕು, ಹಾಲು ಕೆಡುವುದು ಆ ಹೊತ್ತಿನಲ್ಲೇ. ಹಾಲನ್ನು ಸ್ಟೀಲ್ ಕ್ಯಾನಿಗೆ ಹಾಕಿ ಬಾವಿಯ ನೀರು ತುಂಬಿದ ತೊಟ್ಟಿಯಲ್ಲಿ ಕುತ್ತಿಗೆಯ ತನಕ ಇಳಿಸಿ, ತೊಳೆದ ಸ್ಟೀಲ್ ಸೌಟಿನಿಂದ ಆಗಾಗ ಕಲಕಿ. ನೀರನ್ನು ಒಂದೆರಡು ಸಲ ಬದಲಿಸಿದರೆ ಹಾಲು ಮೂವತ್ತೈದರಿಂದ ಇಪ್ಪತ್ತೇಳು ಇಪ್ಪತ್ತೆಂಟು ಡಿಗ್ರಿಗೆ ಇಳಿಯುತ್ತದೆ, ತೆಗೆಯಬೇಕಾದ ಶಾಖದ ಕಾಲು ಭಾಗ ಖರ್ಚಿಲ್ಲದೆ ಹೋಗುತ್ತದೆ. ಘಟ್ಟದ ಮೇಲಿನವರಿಗೆ ಗುಡ್ಡದಿಂದ ಹರಿದು ಬರುವ ಅಬ್ಬಿ ನೀರು ಇದ್ದರೆ ಇನ್ನೂ ಒಳ್ಳೆಯದು. ಉಳಿದದ್ದಕ್ಕೆ ನಾಲ್ಕೂವರೆ ಕಿಲೋದಷ್ಟು ಮಂಜುಗಡ್ಡೆ ಸಾಕು. ಜರ್ಮನಿಯ ಹೋಹೆನ್‌ಹೈಮ್ ವಿಶ್ವವಿದ್ಯಾಲಯದವರು ಟ್ಯುನೀಷಿಯಾದ ಸಣ್ಣ ರೈತರಿಗಾಗಿ ಇದೇ ತತ್ವದ ವ್ಯವಸ್ಥೆ ಮಾಡಿದ್ದಾರೆ: ಸೌರ ಫ್ರೀಜರ್ ಹಗಲಿನಲ್ಲಿ ಮಂಜುಗಡ್ಡೆ ಕಟ್ಟುತ್ತದೆ, ಸಂಜೆ ಅದನ್ನು ಹೊದಿಕೆಯಿರುವ ಹಾಲಿನ ಕ್ಯಾನಿನ ಜೊತೆ ಬಳಸುತ್ತಾರೆ.

ನಿಮ್ಮ ಮನೆಗೆ ಪ್ರತ್ಯೇಕ ಸೌರ ಫ್ರೀಜರ್ ಬೇಕಿಲ್ಲ. ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟ್ ಮನೆ ಘಟಕಕ್ಕೆ 78,000 ರೂಪಾಯಿ ಸಹಾಯಧನವಿದೆ. ಅದನ್ನು ಹಾಕಿಸಿಕೊಂಡು ಸಣ್ಣ ಡೀಪ್ ಫ್ರೀಜರಿನಲ್ಲಿ ಹಗಲು ಹೊತ್ತು ನೀರಿನ ಬಾಟಲಿಗಳನ್ನು ಗಟ್ಟಿ ಮಾಡಿಟ್ಟುಕೊಂಡು, ಸಂಜೆ ಕ್ಯಾನಿನ ಸುತ್ತಲಿನ ನೀರಿಗೆ ಇಳಿಸಿದರೆ ಆಯಿತು. ಬಾಟಲಿಯನ್ನು ಹಾಲಿನೊಳಗೆ ಹಾಕಬೇಡಿ. ತೆಂಗು, ಅಡಿಕೆ ಮರದ ನೆರಳು ಒಂದೇ ಪ್ಯಾನೆಲ್ಲಿನ ಮೇಲೆ ಬಿದ್ದರೂ ಆ ಸಾಲಿನ ಎಲ್ಲ ಪ್ಯಾನೆಲ್ಲುಗಳ ಉತ್ಪಾದನೆ ಕುಸಿಯುವುದರಿಂದ ಬೆಳಿಗ್ಗೆ ಒಂಬತ್ತಕ್ಕೂ ಮಧ್ಯಾಹ್ನ ಮೂರಕ್ಕೂ ಮಾಡಿನ ಮೇಲೆ ನೆರಳು ಎಲ್ಲಿರುತ್ತದೆಂದು ನೋಡಿಯೇ ಜಾಗ ಆರಿಸಿ. ಕಡಲ ಹತ್ತಿರದ ಉಪ್ಪು ಗಾಳಿಗೆ ಮಾಮೂಲಿ ಕಬ್ಬಿಣದ ಬೋಲ್ಟುಗಳು ಬೇಗ ತುಕ್ಕು ಹಿಡಿಯುತ್ತವೆ. ಸ್ಟೇನ್‌ಲೆಸ್ ಸ್ಟೀಲಿನದ್ದನ್ನೇ ಹಾಕಿಸಿ, ಉಪ್ಪುಗಾಳಿ ಪರೀಕ್ಷೆಯಲ್ಲಿ ತೇರ್ಗಡೆಯಾದ ಪ್ಯಾನೆಲ್ಲೇ ಬೇಕೆಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ.