ಕೋಟೆ ಊರಿನ ಬೀದಿ ಅಗೆತ: ‘ಇನ್ನೇನು ಉಳಿದಿದೆ’ ಎನ್ನುವವರಿಗೆ

ಪ್ರಶ್ನೆ: ನಮ್ಮದು ಕೋಟೆಗೋಡೆಯೊಳಗಿನ ಊರು. ನೀರು, ಚರಂಡಿ, ಕೇಬಲ್ ಅಂತ ಬೀದಿಯನ್ನು ಎಷ್ಟೋ ಸಲ ಅಗೆದಾಗಿದೆ. ಹೊಸ ಪೈಪಿಗೂ ಪುರಾತತ್ವದವರು ಬಂದು ನಿಲ್ಲಲೇಬೇಕೆ?

ನಿಲ್ಲಲೇಬೇಕು. ಇದನ್ನು ಇನ್ನೆಷ್ಟು ಸಲ ಹೇಳಬೇಕೋ! 60 ಸೆಂ.ಮೀ. ಅಗಲ ತೋಡಿದವರು ಹಾಳು ಮಾಡಿದ್ದು ಆ 60 ಸೆಂ.ಮೀ. ಮಾತ್ರ. ಎರಡು ಪೈಪುಗಳ ನಡುವೆ ಉಳಿದ ಮಣ್ಣಿನಲ್ಲಿ ಹಳೆಯ ಬೀದಿ ಪದರ ಪದರವಾಗಿ ಕೂತಿರುತ್ತದೆ: ಬಡಿದು ಕೂರಿಸಿದ ಜಲ್ಲಿ, ಅದರ ಮೇಲೆ ಕಪ್ಪು ಕೆಸರು, ಮತ್ತೆ ಜಲ್ಲಿ. ಹಳೇ ಗುಂಡಿಯಲ್ಲೇ ಹೊಸ ಪೈಪು ಹಾಕಿದರೂ ಅದರ ಪಕ್ಕೆಗಳಲ್ಲಿ ಇವೆಲ್ಲ ಕಾಣುತ್ತವೆ.

ಮೊದಲು ಜೆಸಿಬಿಯ ಬಕೆಟ್ ಬದಲಾಯಿಸಿ. ಹಲ್ಲಿರುವ ಬಕೆಟ್ ಡಾಂಬರು ಕೀಳುವವರೆಗೆ ಸಾಕು. ಆಮೇಲೆ ಚಪ್ಪಟೆ ಅಂಚಿನದು. ಹಲ್ಲು ಮಣ್ಣನ್ನು ಉತ್ತ ಹಾಗೆ ಮಾಡುತ್ತದೆ, ಎರಡು ಬಣ್ಣಗಳ ಗಡಿ ಅಲ್ಲಿಗೆ ಮುಗಿಯಿತು. ಒಂದು ಎಳೆತಕ್ಕೆ 10 ಸೆಂ.ಮೀ., ಅದಕ್ಕಿಂತ ಹೆಚ್ಚು ಬೇಡ. ನೋಡುವವರು ಜೆಸಿಬಿ ತೋಳು ತಿರುಗುವ ಜಾಗದ ಹೊರಗೆ, ಆದರೆ ಚಾಲಕನ ಕಣ್ಣಿಗೆ ಬೀಳುವಂತೆ ನಿಲ್ಲಬೇಕು. ಕೈ ಎತ್ತಿದರೆ ಯಂತ್ರ ನಿಲ್ಲಬೇಕು. ಇದನ್ನು ಕೆಲಸ ಶುರುವಾಗುವ ಮೊದಲೇ ಮಾತಾಡಿಕೊಳ್ಳಿ.

ಬಣ್ಣ ಬದಲಾದರೆ, ಕಲ್ಲು ಸಾಲಾಗಿ ಕಂಡರೆ ಕರಣೆಯಿಂದ ಕೆರೆಯಿರಿ. ಪಕ್ಕೆಯನ್ನು ಮೇಲಿನಿಂದ ಕೆಳಕ್ಕೇ ಕೆರೆಯಬೇಕು. ಉಲ್ಟಾ ಮಾಡಿದರೆ ಉದುರಿದ ಮಣ್ಣು ಕೆರೆದದ್ದನ್ನೆಲ್ಲ ಮುಚ್ಚುತ್ತದೆ. ಪ್ರತಿ ಪದರಕ್ಕೊಂದು ಸಂಖ್ಯೆ, ಅಳತೆಪಟ್ಟಿ ಇಟ್ಟು ಫೋಟೊ, 1:10ರಲ್ಲಿ ಪಕ್ಕೆಯ ನಕ್ಷೆ, ಜೊತೆಗೆ ಲೆವೆಲ್, ಅಂದರೆ ಒಂದು ಗೊತ್ತಾದ ಬಿಂದುವಿನಿಂದ ಅಳೆದ ಎತ್ತರ. ಲೆವೆಲ್ ಇಲ್ಲದ ನಕ್ಷೆಯನ್ನು ಆಚೆ ತಿರುವಿನ ಗುಂಡಿಯ ನಕ್ಷೆಗೆ ಹೊಂದಿಸಲು ಆಗುವುದಿಲ್ಲ. ಆಸರೆ ಹಲಗೆ ಕೊಟ್ಟ ಮೇಲೆ ಪಕ್ಕೆ ಕಾಣುವುದಿಲ್ಲ. ಹಾಗಂತ ಆಸರೆಯಿಲ್ಲದ ಆಳಕ್ಕೆ ಇಳಿಯಬೇಡಿ, ಅಗೆದಷ್ಟನ್ನು ಮೇಲಿನಿಂದಲೇ ದಾಖಲಿಸುತ್ತಾ ಹೋಗಿ.

ಹೆಚ್ಚಿನವರು ಎಡವುವುದು ತುಂಬುಮಣ್ಣಿನಲ್ಲಿ. ಹಳೇ ಮಡಕೆಚೂರು ಸಿಕ್ಕಿತೆಂದು ಹಿಗ್ಗುವ ಮೊದಲು ಅದೇ ಪದರದಲ್ಲಿ ಇನ್ನೇನಿದೆ ನೋಡಿ. ಪ್ಲಾಸ್ಟಿಕ್ ತುಣುಕು ಇದ್ದರೆ ಅದು ಪೈಪಿನವರು ವಾಪಸ್ ತುಂಬಿದ ಮಣ್ಣು. ಪದರದ ಕಾಲ ಹೇಳುವುದು ಅದರೊಳಗಿನ ಅತಿ ಹೊಸ ವಸ್ತು.

ಕೋಟೆಗೋಡೆಗೆ ತಾಗಿದ ಜಾಗಕ್ಕೆ ಯಂತ್ರ ತರಲೇಬೇಡಿ, ಕೈಯಲ್ಲೇ ಅಗೆಯಿರಿ. ಪದರ ಗೋಡೆಗೆ ಬಂದು ತಾಗಿ ನಿಂತಿದ್ದರೆ ಅದು ಗೋಡೆಗಿಂತ ಈಚಿನದು. ಪಾಯದ ಗುಂಡಿ ಅದನ್ನು ಕಡಿದಿದ್ದರೆ ಗೋಡೆಗಿಂತ ಹಿಂದಿನದು. ಗೋಡೆಯ ಕಾಲ ಗೊತ್ತಾಗುವುದು ಅಂಗೈಯಗಲದ ಆ ಸಂದಿಯಲ್ಲಿ. ಬಕೆಟ್ ಒಮ್ಮೆ ತಾಗಿದರೆ ಅದೂ ಹೋಯಿತು.

ಪ್ರಶ್ನೆ: ಗೋಡೆಯ ಬುಡದಲ್ಲಿ ಕಮಾನು ಕಂಡಿದೆ. ಗುಪ್ತ ಸುರಂಗವೆ?

ಚರಂಡಿ ಇರಬೇಕು. ಇಳಿಜಾರು ಅಳೆಯಿರಿ, ತಳದ ಹೂಳು ನೋಡಿ. ಒಳಗೆ ನುಗ್ಗಬೇಡಿ.

ಪ್ರಶ್ನೆ: ಕವಲುಕಡ್ಡಿ ಹಿಡಿದು ನಿಧಿ ಇರುವ ಜಾಗ ತೋರಿಸುತ್ತೇನೆ ಎಂದು ಒಬ್ಬರು ಬಂದಿದ್ದಾರೆ.

ಕಡ್ಡಿ ಸಮೇತ ಕಳಿಸಿಬಿಡಿ.

ಪ್ರಶ್ನೆ: ಹೊರಹಾಕಿದ ಮಣ್ಣಿನ ರಾಶಿಯನ್ನು ಆಮೇಲೆ ಜಾಲಾಡಿದರೆ ಸಾಲದೆ?

ಸಾಲದು. ಯಾವ ಪದರದ್ದೆಂದು ಗೊತ್ತಿಲ್ಲದ ನಾಣ್ಯ ಬೀದಿಯ ಬಗ್ಗೆ ಏನೂ ಹೇಳುವುದಿಲ್ಲ.

ಪ್ರಶ್ನೆ: ಕಂದಕದ ಕಡೆ ಕಬ್ಬಿಣ, ಚರ್ಮದ ತುಂಡು ಸಿಕ್ಕಿವೆ. ತೊಳೆದು ಒಣಗಿಸಿ ಕೊಡಲೆ?

ಬೇಡ. ಒಣಮಣ್ಣಿನಲ್ಲಿ ಸಿಕ್ಕ ಕಬ್ಬಿಣವನ್ನು ತೊಳೆಯದೆ ಒಣಗಿರುವಂತೆಯೇ ಇಡಿ. ಚರ್ಮ ಒದ್ದೆಯಾಗಿ ಬಂದಿದ್ದರೆ ಅದೇ ಕೆಸರಿನ ಸಮೇತ ಬಿಗಿಯಾದ ಚೀಲಕ್ಕೆ ಹಾಕಿ ನೆರಳಿನಲ್ಲಿಡಿ. ಬಿಸಿಲಿಗಿಟ್ಟರೆ ಸುರುಟಿಕೊಳ್ಳುತ್ತದೆ, ಮತ್ತೆ ನೆನೆಸಿದರೂ ಮೊದಲಿನಂತಾಗದು.