ಬಿವಿ ಸ್ಯಾಕ್ ಒಂದೇ ಸಾಕಾ?

ಒಬ್ಬರೇ ಚಾರಣ ಹೋಗುವಾಗ ಟೆಂಟ್ ಬಿಟ್ಟು ವಾಟರ್‌ಪ್ರೂಫ್ ಬಿವಿ ಸ್ಯಾಕ್ (ಸ್ಲೀಪಿಂಗ್ ಬ್ಯಾಗ್ ಮೇಲೆ ಹಾಕುವ ಚೀಲದಂಥ ಹೊದಿಕೆ) ಒಂದೇ ಸಾಕಾ ಅಂತ ಕೇಳಿದ್ದೀರಲ್ಲ, ಒಣ ಹವೆಗೆ ಧಾರಾಳವಾಗಿ ಸಾಕು. ಮಳೆ ಇದ್ದರೆ ಮೇಲೊಂದು ಸಣ್ಣ ಟಾರ್ಪ್ (ಮೇಲೆ ಕಟ್ಟುವ ಟಾರ್ಪಾಲಿನ್) ಬೇಕೇ ಬೇಕು. ಹೊರಗಿನ ನೀರಿಗಿಂತ ಒಳಗಿನ ತೇವವೇ ಜಾಸ್ತಿ ಕಾಡುತ್ತದೆ. ಗೋರ್‌ಟೆಕ್ಸ್‌ನಂಥ ವಾಟರ್‌ಪ್ರೂಫ್ ಬಟ್ಟೆ ಮೈಯ ಆವಿಯನ್ನು ಆಚೆ ಬಿಡುವುದು ಒಳಗಿನ ಆವಿಯ ಒತ್ತಡ ಹೊರಗಿಗಿಂತ ಹೆಚ್ಚಿದ್ದಾಗ ಮಾತ್ರ, ಹಾಗಾಗಿ ಸೆಕೆಯಿದ್ದು ಗಾಳಿಯಲ್ಲೂ ತೇವ ತುಂಬಿದ ರಾತ್ರಿ ಅದು ಅಷ್ಟಾಗಿ ಕೆಲಸ ಮಾಡುವುದಿಲ್ಲ. ಚಳಿಯಲ್ಲಿ ನಾನೊಮ್ಮೆ ಮುಖ ಒಳಗೆಳೆದುಕೊಂಡು ಮಲಗಿದ್ದೆ, ಬೆಳಿಗ್ಗೆ ಸ್ಲೀಪಿಂಗ್ ಬ್ಯಾಗ್ ಮೇಲೆಲ್ಲ ಒದ್ದೆ. ದಯವಿಟ್ಟು ಹಾಗೆ ಮಾಡಬೇಡಿ. ಮೂಗು, ಬಾಯಿ ಹೊರಗೇ ಇರಲಿ, ಜಿಪ್ ಪೂರ್ತಿ ಮುಚ್ಚಿದರೆ ಉಸಿರಿಗೂ ಅಪಾಯ ಅಲ್ವಾ. ಸ್ಲೀಪಿಂಗ್ ಬ್ಯಾಗ್‌ನೊಳಗಿನ ಡೌನ್ (ಹಕ್ಕಿಯ ಮೆತ್ತನೆ ಪುಕ್ಕ) ಒದ್ದೆಯಾದರೆ ಬೆಚ್ಚಗಿಡುವುದಿಲ್ಲ, ಹಗಲು ಬಿಸಿಲು ಸಿಕ್ಕಾಗ 30 ನಿಮಿಷ ಬ್ಯಾಗ್, ಬಿವಿ ಎರಡನ್ನೂ ಹರವಿ ಒಣಗಿಸಿ.