ಫಿಲ್ಟರ್ ಹಾಕಿದ ವಿಡಿಯೊ ಲ್ಯಾಪ್‌ಟಾಪ್‌ನಲ್ಲಿ ಒಂದು ಥರ, ಟಿವಿಯಲ್ಲಿ ಇನ್ನೊಂದು ಥರ ಕಾಣುತ್ತದೆ, ಮೇಲಾಗಿ ನಿಂತು ನಿಂತು ಓಡುತ್ತದೆ. ಏನು ಮಾಡಲಿ?

ನಿಮ್ಮ ಪ್ರಶ್ನೆ ಓದಿದೆ. ವಿಂಡೋಸ್ ಲ್ಯಾಪ್‌ಟಾಪ್, ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್‌ನ ಉಚಿತ ಆವೃತ್ತಿ, ಮದುವೆ ವಿಡಿಯೊ, ಎಚ್‌ಡಿಎಂಐ ಕೇಬಲ್‌ನಲ್ಲಿ ಮನೆಯ ಟಿವಿಗೆ ಜೋಡಣೆ. ಬಣ್ಣ ತಿದ್ದಿ, ಗ್ಲೋ, ಬ್ಲರ್ ಹಾಕಿದ ಮೇಲೆ ಟಿವಿಯಲ್ಲಿ ಬಣ್ಣವೂ ಮಂಕಾಗಿ ಬೇರೆ ಕಾಣುತ್ತದೆ, ಓಟವೂ ಸರಿಯಿಲ್ಲ, ಹಾಗಾಗಿ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇರುವ ಹೊಸ ಲ್ಯಾಪ್‌ಟಾಪ್ ಕೊಳ್ಳಬೇಕಾ ಅಂತ ಕೇಳಿದ್ದೀರಿ. ನಾನೂ ಇದೇ ಕೆಲಸ ಮಾಡುತ್ತೇನೆ, ಮದುವೆ ವಿಡಿಯೊ ಜಾಸ್ತಿ, ನಡುವೆ ಸಾಕ್ಷ್ಯಚಿತ್ರಗಳು. ಹೊಸ ಲ್ಯಾಪ್‌ಟಾಪ್‌ಗೆ ಈಗಲೇ ದುಡ್ಡು ಹಾಕಬೇಡಿ. ಇಲ್ಲಿ ಸಂಬಂಧವೇ ಇಲ್ಲದ ಎರಡು ತೊಂದರೆಗಳು ಒಟ್ಟಿಗೆ ಬಂದಿವೆ. ನಿಂತು ನಿಂತು ಓಡುವುದು ಒಂದು, ಬಣ್ಣ ಬೇರೆ ಕಾಣುವುದು ಇನ್ನೊಂದು. ಎರಡನ್ನೂ ಬೇರೆ ಮಾಡಿ ನೋಡದಿದ್ದರೆ ಯಾವ ಲ್ಯಾಪ್‌ಟಾಪ್ ತಂದರೂ ಇದೇ ಕತೆ.

ಮೊದಲು ಓಟದ ವಿಷಯ. ಫಿಲ್ಟರ್ ಅಂದರೆ ಲೆಕ್ಕ. ಟೈಮ್‌ಲೈನ್ (ಕ್ಲಿಪ್ಪುಗಳನ್ನು ಸಾಲಾಗಿ ಜೋಡಿಸುವ ಪಟ್ಟಿ) ಸೆಕೆಂಡಿಗೆ 25 ಫ್ರೇಮಿನದ್ದಾದರೆ ಒಂದು ಫ್ರೇಮಿಗೆ ಸಿಗುವುದು 40 ಮಿಲಿಸೆಕೆಂಡ್. ಅಷ್ಟರೊಳಗೆ ಕ್ಯಾಮೆರಾದ ಫೈಲ್ ಬಿಚ್ಚಬೇಕು, ಬಣ್ಣ ಹಾಕಬೇಕು, ಗ್ಲೋ ಹಾಕಬೇಕು, ಆಮೇಲೆ ಪರದೆಗೆ ಕಳಿಸಬೇಕು. ಟಿವಿ ಇದರಲ್ಲಿ ಏನೂ ಸಹಾಯ ಮಾಡುವುದಿಲ್ಲ, ಬಂದದ್ದನ್ನು ತೋರಿಸುತ್ತದೆ ಅಷ್ಟೇ. ಹಾಗಾದರೆ ತಡವಾಗುತ್ತಿರುವುದು ಲೆಕ್ಕದಲ್ಲೋ, ಟಿವಿಯಲ್ಲೋ? ರಿಸಾಲ್ವ್‌ನ ವ್ಯೂವರ್ ಮೇಲೆ ಪ್ಲೇ ಆಗುವಾಗ ಒಂದು ಚುಕ್ಕೆ, ಪಕ್ಕದಲ್ಲಿ ಫ್ರೇಮಿನ ಅಂಕಿ ಕಾಣುತ್ತದೆ. ಚುಕ್ಕೆ ಹಸಿರಾಗಿದ್ದು 25 ತೋರಿಸುತ್ತಿದ್ದರೆ ನಿಮ್ಮ ಲ್ಯಾಪ್‌ಟಾಪ್ ಕೆಲಸ ಸರಿಯಾಗಿ ಮಾಡುತ್ತಿದೆ ಎಂದೇ ಅರ್ಥ. ಕೆಂಪಾಗಿ 14, 17 ಅಂತ ಇಳಿದರೆ ಲೆಕ್ಕ ಸಾಲುತ್ತಿಲ್ಲ.

ಕೆಂಪಾದರೆ ಕಲರ್ ಪೇಜಿನಲ್ಲಿ ಶಿಫ್ಟ್ ಮತ್ತು ಡಿ ಒತ್ತಿ. ಗ್ರೇಡ್, ಅಂದರೆ ನೀವು ಹಾಕಿದ ಬಣ್ಣ ಮತ್ತು ಫಿಲ್ಟರ್, ಪೂರ್ತಿ ಪಕ್ಕಕ್ಕೆ ಸರಿಯುತ್ತದೆ. ಈಗ ಸರಾಗವಾಗಿ ಓಡಿದರೆ ಭಾರ ಫಿಲ್ಟರ್‌ನದ್ದು. ಆಗಲೂ ಎಳೆದಾಡಿದರೆ ಭಾರ ಕ್ಯಾಮೆರಾ ಫೈಲಿನದ್ದು. ಈಗಿನ ಕ್ಯಾಮೆರಾಗಳ ಎಚ್.265 ಫೈಲುಗಳು ಗಾತ್ರದಲ್ಲಿ ಚಿಕ್ಕವು, ಆದರೆ ಬಿಚ್ಚಲು ತುಂಬಾ ಕಷ್ಟ. ಒಂದು ಫ್ರೇಮ್ ತೋರಿಸಲು ಅಕ್ಕಪಕ್ಕದ ಫ್ರೇಮುಗಳನ್ನೂ ಬಿಚ್ಚಬೇಕಾಗುತ್ತದೆ. ಅದಕ್ಕೆ ಪ್ರಾಕ್ಸಿ, ಅಂದರೆ ಅದೇ ಫೈಲಿನ ಚಿಕ್ಕ ಗಾತ್ರದ ಹಗುರ ನಕಲು, ಮಾಡಿಕೊಳ್ಳಿ, ಬೇರೆ ದಾರಿ ಹುಡುಕುತ್ತಾ ಕೂರಬೇಡಿ.

ಫಿಲ್ಟರ್‌ನದ್ದೇ ಭಾರವಾದರೆ ಪ್ಲೇಬ್ಯಾಕ್ ಮೆನುವಿನಲ್ಲಿ ರೆಂಡರ್ ಕ್ಯಾಶ್ ಇದೆ, ಅದನ್ನು ಸ್ಮಾರ್ಟ್‌ಗೆ ಹಾಕಿ. ಕೈ ಬಿಟ್ಟು ಸುಮ್ನೆ ಕೂತರೆ ಕೆಲವು ಸೆಕೆಂಡಿನಲ್ಲಿ ರಿಸಾಲ್ವ್ ತಾನೇ ಭಾರವಾದ ಕ್ಲಿಪ್ಪುಗಳನ್ನು ಲೆಕ್ಕ ಮಾಡಿ ಡಿಸ್ಕಿನಲ್ಲಿ ಇಟ್ಟುಕೊಳ್ಳುತ್ತದೆ. ಟೈಮ್‌ಲೈನ್ ಮೇಲಿನ ಕೆಂಪು ಗೆರೆ ನೀಲಿಗೆ ತಿರುಗುತ್ತದೆ. ನೀಲಿಯಾದ ಭಾಗ ಟಿವಿಯಲ್ಲಿ ನಿಲ್ಲದೆ ಓಡುತ್ತದೆ. ಕ್ಯಾಶ್ ಹೋಗಿ ಕೂರುವ ಜಾಗ ಎಸ್‌ಎಸ್‌ಡಿ ಆಗಿರಲಿ, ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಆದರೆ ಅದೇ ಇನ್ನೊಂದು ತಡೆ ಆಗುತ್ತದೆ. ಹಾಗೇ ಕಲರ್ ಪೇಜಿನಲ್ಲಿ ಒಂದೊಂದು ತಿದ್ದುಪಡಿ ಕೂರುವ ಪೆಟ್ಟಿಗೆಗೆ ನೋಡ್ ಅನ್ನುತ್ತಾರೆ. ಬಣ್ಣ ತಿದ್ದುವ ನೋಡ್ ಒಂದು, ಗ್ಲೋ ಅಥವಾ ಬ್ಲರ್ ಇರುವ ನೋಡ್ ಬೇರೆ ಅಂತ ಇಟ್ಟುಕೊಳ್ಳಿ. ಎಲ್ಲವನ್ನೂ ಒಂದೇ ನೋಡ್‌ಗೆ ತುಂಬಿದರೆ ಬಣ್ಣದ ಗಾಲಿ ಒಂದಿಷ್ಟು ತಿರುಗಿಸಿದರೂ ಇಡೀ ಲೆಕ್ಕ ಮತ್ತೆ ಮೊದಲಿಂದ. ಭಾರದ ನೋಡ್ ಮುಂಚೆ ಇದ್ದು ಅದರ ಕ್ಯಾಶ್ ಆಗಿದ್ದರೆ, ಅದರ ಮುಂದಿನ ನೋಡ್‌ಗಳಲ್ಲಿ ಬಣ್ಣ ಎಷ್ಟು ಆಡಿಸಿದರೂ ತೊಂದರೆಯಿಲ್ಲ.

ಪ್ರಾಕ್ಸಿಯಲ್ಲಿ ಒಂದು ಎಚ್ಚರಿಕೆ ಬೇಕು. ಶಾರ್ಪನ್, ಬ್ಲರ್, ಚರ್ಮ ನಯ ಮಾಡುವ ಫಿಲ್ಟರ್‌ಗಳು ಪಿಕ್ಸೆಲ್ ಲೆಕ್ಕದಲ್ಲಿ ಕೆಲಸ ಮಾಡುತ್ತವೆ. ಪ್ಲೇಬ್ಯಾಕನ್ನು ಅರ್ಧ ಅಥವಾ ಕಾಲು ಗಾತ್ರಕ್ಕೆ ಇಳಿಸಿದಾಗ ಟಿವಿಯಲ್ಲಿ ಕಾಣುವುದು ಆ ಚಿಕ್ಕ ಚಿತ್ರವನ್ನು ಹಿಗ್ಗಿಸಿದ್ದು. ಅದನ್ನು ನೋಡಿ ಶಾರ್ಪನ್ ಏರಿಸಿದರೆ ಕೊನೆಯ ಫೈಲಿನಲ್ಲಿ ರೇಷ್ಮೆ ಸೀರೆಯ ಜರಿ ಅಂಚು ಚುಚ್ಚುತ್ತದೆ. ಕಟ್ ನೋಡಲು, ಲಯ ನೋಡಲು ಪ್ರಾಕ್ಸಿ ಸಾಕು. ಫಿಲ್ಟರ್ ಎಷ್ಟು ಹಾಕಬೇಕು ಎಂದು ತೀರ್ಮಾನಿಸುವಾಗ ಪ್ಲೇಬ್ಯಾಕ್ ನಿಲ್ಲಿಸಿ, ಪ್ರಾಕ್ಸಿ ತೆಗೆದು, ಪೂರ್ತಿ ಗಾತ್ರದಲ್ಲಿ ಒಂದೊಂದೇ ಫ್ರೇಮ್ ನೋಡಿ. ನಿಧಾನವಾದರೂ ಪರವಾಗಿಲ್ಲ.

ಇನ್ನು ಚುಕ್ಕೆ ಹಸಿರಿದೆ, 25 ಬರುತ್ತಿದೆ, ಆದರೂ ಟಿವಿಯಲ್ಲಿ ಜರ್ಕ್ ಹೊಡೆಯುತ್ತದೆ ಅಂದರೆ? ಇದನ್ನು ಗ್ರಾಫಿಕ್ಸ್ ಕಾರ್ಡಿನ ತಪ್ಪು ಅಂದುಕೊಂಡು ದುಡ್ಡು ಕಳೆದುಕೊಂಡವರು ಎಷ್ಟೋ ಜನ. ನಮ್ಮಲ್ಲಿ ಕರೆಂಟು 50 ಹರ್ಟ್ಸ್. ಕಲ್ಯಾಣ ಮಂಟಪದ ಟ್ಯೂಬ್‌ಲೈಟ್, ಎಲ್‌ಇಡಿ ಮಿನುಗಬಾರದು ಎಂದು ನಾವು 25 ಫ್ರೇಮು, 1/50 ಶಟರ್‌ನಲ್ಲಿ ಶೂಟ್ ಮಾಡುತ್ತೇವೆ. ಆದರೆ ಲ್ಯಾಪ್‌ಟಾಪ್ ಟಿವಿಗೆ ಕಳಿಸುವುದು ಸಾಮಾನ್ಯವಾಗಿ 60 ಹರ್ಟ್ಸ್, ಅಂದರೆ ಸೆಕೆಂಡಿಗೆ 60 ಚಿತ್ರ. 25 ಅನ್ನು 60ರಲ್ಲಿ ಸಮವಾಗಿ ಹಂಚಲು ಬರುವುದಿಲ್ಲ. ಒಂದು ಫ್ರೇಮ್ ಎರಡು ಸಲ, ಮುಂದಿನದು ಎರಡು ಸಲ, ಅದರ ಮುಂದಿನದು ಮೂರು ಸಲ, ಹೀಗೆ ಏರುಪೇರಾಗಿ ಬರುತ್ತದೆ. ಕ್ಯಾಮೆರಾ ನಿಧಾನವಾಗಿ ಮಂಟಪದ ಉದ್ದಕ್ಕೂ ತಿರುಗುವ ಶಾಟ್‌ನಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಪರಿಹಾರ ಸುಲಭ, ಖರ್ಚೂ ಇಲ್ಲ. ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಅಡ್ವಾನ್ಸ್‌ಡ್ ಡಿಸ್‌ಪ್ಲೇಗೆ ಹೋಗಿ ಟಿವಿಯ ರಿಫ್ರೆಶ್ ರೇಟನ್ನು 50 ಹರ್ಟ್ಸ್ ಮಾಡಿ. ಇಲ್ಲಿ ಮಾರುವ ಟಿವಿಗಳು ಸಾಮಾನ್ಯವಾಗಿ 50 ತೆಗೆದುಕೊಳ್ಳುತ್ತವೆ. ವಿಂಡೋಸ್ ಕೀ ಮತ್ತು ಪಿ ಒತ್ತಿದಾಗ ಡುಪ್ಲಿಕೇಟ್ ಅಲ್ಲ, ಎಕ್ಸ್‌ಟೆಂಡ್ ಆರಿಸಿರಬೇಕು, ಇದು ಮುಖ್ಯ. ಡುಪ್ಲಿಕೇಟ್‌ನಲ್ಲಿದ್ದರೆ ಟಿವಿಗೆ ಅಂತ ಬೇರೆ ಗಾತ್ರ, ಬೇರೆ ರಿಫ್ರೆಶ್ ಕೊಡುವುದು ಕಷ್ಟ.

ಈಗ ಬಣ್ಣ. ನನಗೆ ನಿಜಕ್ಕೂ ಕಾಳಜಿ ಇರುವುದು ಇಲ್ಲಿ. ಅರಿಶಿನದ ಹಳದಿ, ಧಾರೆ ಸೀರೆಯ ಕೆಂಪು, ಅಮ್ಮನ ಮುಖದ ಬಣ್ಣ, ಇವು ತಪ್ಪಾದರೆ ಆ ಮನೆಯವರಿಗೆ ಕೂಡಲೇ ಗೊತ್ತಾಗುತ್ತದೆ, ಏಕೆಂದರೆ ಅವರು ಅದನ್ನು ಕಣ್ಣಾರೆ ಕಂಡವರು. ಮದುವೆಯನ್ನು ಮತ್ತೊಮ್ಮೆ ಶೂಟ್ ಮಾಡಲೂ ಆಗುವುದಿಲ್ಲ ಅಲ್ವಾ. ಹಾಗಾಗಿ ನೋಡುವ ಪರದೆ ಸುಳ್ಳು ಹೇಳಬಾರದು.

ಮೊದಲ ಅನುಮಾನ ಲೆವೆಲ್ ಮೇಲೆ. ವಿಡಿಯೊದಲ್ಲಿ 8 ಬಿಟ್ ಲೆಕ್ಕದಲ್ಲಿ ಕಪ್ಪು 16ಕ್ಕೆ, ಬಿಳಿ 235ಕ್ಕೆ ಕೂರುತ್ತದೆ. ಕಂಪ್ಯೂಟರ್ ಪರದೆಯಲ್ಲಿ ಕಪ್ಪು 0, ಬಿಳಿ 255. ಲ್ಯಾಪ್‌ಟಾಪ್ 0ಯಿಂದ 255ರವರೆಗೆ ಕಳಿಸುತ್ತಿದ್ದು, ಟಿವಿ 16ರಿಂದ 235 ಅಂದುಕೊಂಡರೆ ನೆರಳೆಲ್ಲ ಕಪ್ಪಾಗಿ ಮುಚ್ಚಿಹೋಗುತ್ತದೆ, ವರನ ಬಿಳಿ ಪಂಚೆಯ ಮಡಿಕೆಗಳು ಮಾಯ. ಉಲ್ಟಾ ಆದರೆ ಚಿತ್ರದ ಮೇಲೆ ಬೂದಿ ಎರಚಿದ ಹಾಗೆ ಮಂಕು. ನಿಮಗೆ ಆಗಿರುವುದು ಎರಡನೆಯದು ಅಂತ ನಿಮ್ಮ ವಿವರಣೆಯಿಂದ ಅನ್ನಿಸುತ್ತದೆ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನಲ್‌ನಲ್ಲಿ ರೆಸಲ್ಯೂಶನ್ ಬದಲಿಸುವ ಪುಟದಲ್ಲೇ ಔಟ್‌ಪುಟ್ ಡೈನಾಮಿಕ್ ರೇಂಜ್ ಅಂತ ಇದೆ, ಫುಲ್ ಅಥವಾ ಲಿಮಿಟೆಡ್. ಟಿವಿಯಲ್ಲಿ ಎಚ್‌ಡಿಎಂಐ ಬ್ಲ್ಯಾಕ್ ಲೆವೆಲ್ ಅಥವಾ ಅಂಥದ್ದೇ ಹೆಸರಿನ ಆಯ್ಕೆ ಇರುತ್ತದೆ. ಎರಡೂ ಕಡೆ ಒಂದೇ ಇರಬೇಕು, ಅಷ್ಟೇ ನಿಯಮ. ಪರೀಕ್ಷೆಗೆ ರಿಸಾಲ್ವ್‌ನ ಜನರೇಟರ್‌ಗಳಲ್ಲಿ ಗ್ರೇ ಸ್ಕೇಲ್ ಇದೆ, ಟೈಮ್‌ಲೈನ್‌ಗೆ ಎಳೆದು ಹಾಕಿ ಟಿವಿಯಲ್ಲಿ ನೋಡಿ. ಕಪ್ಪಿನ ತುದಿಯಲ್ಲೂ ಬಿಳಿಯ ತುದಿಯಲ್ಲೂ ಛಾಯೆಗಳು ಬೇರೆ ಬೇರೆಯಾಗಿ ಕಾಣಬೇಕು, ಒಂದರೊಳಗೊಂದು ಸೇರಿಹೋಗಬಾರದು.

ಆಮೇಲೆ ಟಿವಿಯ ಸ್ವಂತ ಬುದ್ಧಿವಂತಿಕೆಯನ್ನು ನಿಲ್ಲಿಸಿ. ಅಂಗಡಿಯಲ್ಲಿ ಹೊಳೆಯಲಿ ಎಂದು ವಿವಿಡ್, ಡೈನಾಮಿಕ್ ಅಂತ ಮೋಡ್ ಇಟ್ಟಿರುತ್ತಾರೆ. ಅದರಲ್ಲಿ ಬಿಳಿ ನೀಲಿಗೆ ತಿರುಗಿ, ಕೆಂಪು ಉರಿಯುತ್ತದೆ. ಫಿಲ್ಮ್‌ಮೇಕರ್ ಮೋಡ್ ಇದ್ದರೆ ಅದನ್ನೇ ಹಾಕಿ. ನಿರ್ದೇಶಕರು ಮಾಡಿದ ಹಾಗೇ ಚಿತ್ರ ಕಾಣಲಿ ಎಂದು ಟಿವಿ ಕಂಪನಿಗಳು, ಸಿನಿಮಾ ಸ್ಟುಡಿಯೊಗಳ ಒಕ್ಕೂಟವಾದ ಯುಎಚ್‌ಡಿ ಅಲಯನ್ಸ್ 2019ರಲ್ಲಿ ತಂದದ್ದು ಅದು. ಇಲ್ಲದಿದ್ದರೆ ಸಿನಿಮಾ ಮೋಡ್, ಬಣ್ಣದ ತಾಪ ವಾರ್ಮ್. ಮೊದಲ ದಿನ ಹಳದಿ ಹಳದಿ ಅನ್ನಿಸುತ್ತದೆ, ಕಣ್ಣು ಒಗ್ಗಿಕೊಂಡ ಮೇಲೆ ಹಳೆಯ ಮೋಡ್ ನೋಡಲು ಆಗುವುದಿಲ್ಲ. ಮೋಶನ್ ಸ್ಮೂದಿಂಗ್, ಡೈನಾಮಿಕ್ ಕಾಂಟ್ರಾಸ್ಟ್, ನಾಯ್ಸ್ ರಿಡಕ್ಷನ್, ಕರೆಂಟ್ ಉಳಿಸುವ ಮೋಡ್, ಕೋಣೆಯ ಬೆಳಕು ನೋಡಿ ತಾನೇ ಮಂದವಾಗುವುದು, ಇವೆಲ್ಲ ಬಂದ್. ಇವೂ ಫಿಲ್ಟರ್‌ಗಳೇ. ನೀವು ಹಾಕಿದ ಫಿಲ್ಟರ್ ಮೇಲೆ ಟಿವಿ ತನ್ನದನ್ನು ಹಾಕಿದರೆ ನೀವು ಯಾವುದನ್ನು ನೋಡುತ್ತಿದ್ದೀರಿ ಎಂದು ಹೇಳುವವರಾರು? ಚಿತ್ರದ ಅಂಚು ಕತ್ತರಿಸಿದಂತೆ ಕಂಡರೆ ಜಸ್ಟ್ ಸ್ಕ್ಯಾನ್ ಅಥವಾ ಸ್ಕ್ರೀನ್ ಫಿಟ್ ಆನ್ ಮಾಡಿ.

ಇಷ್ಟಾದ ಮೇಲೂ ಒಂದು ತೊಡಕು ಉಳಿಯುತ್ತದೆ. ಈಗ ನಿಮ್ಮ ಟಿವಿ ವಿಂಡೋಸ್‌ನ ಎರಡನೇ ಡೆಸ್ಕ್‌ಟಾಪ್. ಚಿತ್ರ ರಿಸಾಲ್ವ್‌ನಿಂದ ವಿಂಡೋಸ್‌ಗೆ, ಅಲ್ಲಿಂದ ಗ್ರಾಫಿಕ್ಸ್ ಡ್ರೈವರ್‌ಗೆ, ಅಲ್ಲಿಂದ ಟಿವಿಗೆ ಬರುತ್ತದೆ. ದಾರಿಯಲ್ಲಿ ಯಾರು ಬೇಕಾದರೂ ಬಣ್ಣ ಮುಟ್ಟಬಹುದು. ಗ್ರೇಡಿಂಗ್ ಮಾಡುವವರು ಅದಕ್ಕೇ ಬೇರೆ ಡಬ್ಬಿ ಬಳಸುತ್ತಾರೆ. ಡೆಸ್ಕ್‌ಟಾಪ್ ಆದರೆ ರಿಸಾಲ್ವ್ ತಯಾರಿಸುವ ಬ್ಲ್ಯಾಕ್‌ಮ್ಯಾಜಿಕ್‌ನ ಡೆಕ್‌ಲಿಂಕ್ ಮಿನಿ ಮಾನಿಟರ್ ಕಾರ್ಡ್, ಲ್ಯಾಪ್‌ಟಾಪ್ ಆದರೆ ಅಲ್ಟ್ರಾಸ್ಟುಡಿಯೊ ಮಾನಿಟರ್ 3ಜಿ. ಇವು ವಿಂಡೋಸನ್ನು ಮುಟ್ಟದೆ ರಿಸಾಲ್ವ್‌ನಿಂದ ನೇರವಾಗಿ ಶುದ್ಧ ವಿಡಿಯೊ ಸಿಗ್ನಲ್ ಕೊಡುತ್ತವೆ, ಟೈಮ್‌ಲೈನ್ 25 ಆದರೆ ಹೊರಗೂ 25. ಉಚಿತ ಆವೃತ್ತಿಯಲ್ಲೂ ಕೆಲಸ ಮಾಡುತ್ತವೆ. ಆದರೆ ಅಲ್ಟ್ರಾಸ್ಟುಡಿಯೊಗೆ ಥಂಡರ್‌ಬೋಲ್ಟ್ ಪೋರ್ಟ್ ಬೇಕು. ನೋಡಲು ಒಂದೇ ಥರ ಇರುವ ಯುಎಸ್‌ಬಿ ಸಿ ಪೋರ್ಟ್ ಸಾಲದು, ಪಕ್ಕದಲ್ಲಿ ಮಿಂಚಿನ ಗುರುತು ಇದೆಯಾ ನೋಡಿ, ಲ್ಯಾಪ್‌ಟಾಪಿನ ವಿವರಗಳಲ್ಲೂ ಓದಿ, ಆಮೇಲೆ ಕೊಳ್ಳಿ. ಹೊಸ ಲ್ಯಾಪ್‌ಟಾಪ್‌ಗೆ ಇಟ್ಟ ದುಡ್ಡಿನಲ್ಲಿ ಸ್ವಲ್ಪ ಭಾಗ ಇಲ್ಲಿ ಹಾಕಿದರೆ ನಿಮ್ಮ ಕೆಲಸಕ್ಕೆ ಹೆಚ್ಚು ಲಾಭ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಡಬ್ಬಿ ಈಗಲೇ ಬೇಡ ಅಂದರೆ? ರಿಸಾಲ್ವ್‌ನಲ್ಲಿ ಎರಡನೇ ಪರದೆಗೆ ಬರೀ ಚಿತ್ರ ಕಳಿಸುವ ವಿಡಿಯೊ ಕ್ಲೀನ್ ಫೀಡ್ ಇದೆ, ಆದರೆ ಅದು ದುಡ್ಡು ಕೊಟ್ಟ ಸ್ಟುಡಿಯೊ ಆವೃತ್ತಿಗೆ ಮಾತ್ರ. ಉಚಿತದಲ್ಲಿ ಡ್ಯುಯಲ್ ಸ್ಕ್ರೀನ್ ಸಿಗುತ್ತದೆ, ಅದು ಟೂಲುಗಳ ಪ್ಯಾನಲ್‌ಗಳನ್ನೂ ಹಂಚುತ್ತದೆ, ಗಿರಾಕಿಗೆ ತೋರಿಸಲು ಚೆನ್ನಾಗಿರುವುದಿಲ್ಲ. ಅದಕ್ಕೆ ವರ್ಕ್‌ಸ್ಪೇಸ್ ಮೆನುವಿನ ಪ್ರೈಮರಿ ಡಿಸ್‌ಪ್ಲೇಯಲ್ಲಿ ಟಿವಿಯನ್ನು ಆರಿಸಿ, ಕಂಟ್ರೋಲ್ ಮತ್ತು ಎಫ್ ಒತ್ತಿ. ಪೂರ್ತಿ ಪರದೆ ಚಿತ್ರ ಬರುತ್ತದೆ. ತೋರಿಸಲು ಇಷ್ಟು ಸಾಕು, ತಿದ್ದುತ್ತಾ ನೋಡಲು ಸಾಲದು. ಅಡೋಬಿಯ ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್ ಬಳಸುವವರಿಗೆ ಈ ಕಷ್ಟವಿಲ್ಲ. ಪ್ರಿಫರೆನ್ಸಸ್‌ನ ಪ್ಲೇಬ್ಯಾಕ್‌ನಲ್ಲಿ ಮರ್ಕ್ಯುರಿ ಟ್ರಾನ್ಸ್‌ಮಿಟ್‌ಗೆ ಟಿಕ್ ಹಾಕಿ ಟಿವಿಯನ್ನು ಆರಿಸಿದರೆ ಆಯಿತು. ಪೂರ್ತಿ ಉಚಿತವಾದ ಇನ್ನೊಂದು ಎಡಿಟರ್ ಶಾಟ್‌ಕಟ್‌ನಲ್ಲೂ ಪ್ಲೇಯರ್ ಮೆನುವಿನಲ್ಲಿ ಎಕ್ಸ್‌ಟರ್ನಲ್ ಮಾನಿಟರ್ ಇದೆ.

ಗಿರಾಕಿಯನ್ನು ಕೂರಿಸಿ ತೋರಿಸುವಾಗ ಧ್ವನಿಯನ್ನೂ ಟಿವಿಯಿಂದಲೇ ಬರಿಸಿ. ಟಿವಿ ಚಿತ್ರವನ್ನು ಸಂಸ್ಕರಿಸಿ ತೋರಿಸಲು ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತದೆ. ಧ್ವನಿ ಲ್ಯಾಪ್‌ಟಾಪ್‌ನಿಂದ ಬಂದರೆ ಮಂತ್ರ ಮೊದಲು, ಪುರೋಹಿತರ ತುಟಿ ಆಮೇಲೆ.

ಎಲ್ಲ ಸರಿಯಾಗಿದೆಯಾ ಎಂದು ತಿಳಿಯಲು ನಾನು ಮಾಡುವ ಪರೀಕ್ಷೆ ಇದು. ಮುಖ, ರೇಷ್ಮೆ, ಕತ್ತಲೆ ಮೂಲೆ, ನಿಧಾನವಾಗಿ ತಿರುಗುವ ಶಾಟ್ ಇರುವ ಒಂದು ನಿಮಿಷವನ್ನು ಎಕ್ಸ್‌ಪೋರ್ಟ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿ, ಅದೇ ಟಿವಿಗೆ ಚುಚ್ಚಿ ಟಿವಿಯದೇ ಪ್ಲೇಯರ್‌ನಲ್ಲಿ ನೋಡಿ. ಟಿವಿ ಒಂದೊಂದು ಇನ್‌ಪುಟ್‌ಗೂ ಒಂದೊಂದು ಮೋಡ್ ನೆನಪಿಟ್ಟುಕೊಂಡಿರುತ್ತದೆ, ಹಾಗಾಗಿ ಇಲ್ಲೂ ಅದೇ ಸಿನಿಮಾ ಮೋಡ್ ಹಾಕಿ. ಎಡಿಟ್ ಮಾಡುವಾಗ ಎಚ್‌ಡಿಎಂಐನಲ್ಲಿ ಕಂಡ ಚಿತ್ರವೂ ಇದೂ ಒಂದೇ ಇದ್ದರೆ ನಿಮ್ಮ ಪ್ರಿವ್ಯೂ ನಂಬಬಹುದು. ಪೆನ್‌ಡ್ರೈವ್‌ನದ್ದು ಗಾಢವಾಗಿದ್ದು ಎಚ್‌ಡಿಎಂಐನದ್ದು ಮಂಕಾಗಿದ್ದರೆ ಫುಲ್, ಲಿಮಿಟೆಡ್ ಇನ್ನೂ ಹೊಂದಿಲ್ಲ, ಅಲ್ಲಿಗೇ ವಾಪಸ್ ಹೋಗಿ. ಪೆನ್‌ಡ್ರೈವ್‌ನಲ್ಲಿ ನಯವಾಗಿ ಓಡಿ ಎಚ್‌ಡಿಎಂಐನಲ್ಲಿ ಜರ್ಕ್ ಇದ್ದರೆ ಕ್ಯಾಶ್ ನೀಲಿಯಾಗಿದೆಯಾ, ರಿಫ್ರೆಶ್ 50 ಇದೆಯಾ ನೋಡಿ. ಪೆನ್‌ಡ್ರೈವ್‌ನಲ್ಲೂ ಜರ್ಕ್ ಇದ್ದರೆ ಟೈಮ್‌ಲೈನ್‌ನ ಫ್ರೇಮ್ ರೇಟೇ ಫೂಟೇಜ್‌ಗೆ ಹೊಂದುತ್ತಿಲ್ಲ. ಆಗ ಸರಿಯಾದ ರೇಟಿನ ಹೊಸ ಟೈಮ್‌ಲೈನ್ ಮಾಡಿ ಕ್ಲಿಪ್ಪುಗಳನ್ನು ಅದಕ್ಕೆ ಸಾಗಿಸಬೇಕಾಗುತ್ತದೆ. ಎಡಿಟ್ ಮುಗಿಯುವ ಮುಂಚೆಯೇ ಈ ಪರೀಕ್ಷೆ ಮಾಡಿ.